ಐದು ಸಾವಿರಕ್ಕೆ ಎಷ್ಟು ತಿಂಗಳು?

ಇನ್ನೊಬ್ಬರ ದಿನ ಎಣಿಸಿ ಹೇಳುವುದೇ ನನ್ನ ಉದ್ಯೋಗವಾಗಿತ್ತು. ಬೆಳ್ತಂಗಡಿಯ ಹೆರಿಗೆ ಕೇಂದ್ರದಲ್ಲಿ ದಾದಿಯಾಗಿದ್ದ ಅಷ್ಟೂ ವರ್ಷ, ಬಸುರಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು, ನಾಲ್ಕು ಪ್ರಶ್ನೆ ಕೇಳಿ, ಬೆರಳು ಮಡಿಸಿ, ಇಂಥ ವಾರ ಎಂದು ಹೇಳಿದರೆ ಮಗು ಸಾಮಾನ್ಯವಾಗಿ ನನ್ನ ಮಾತಿಗೆ ಬೆಲೆ ಕೊಡುತ್ತಿತ್ತು. ಕಕ್ಕಿಂಜೆಯ ಕಡೆಯವರು ಅದನ್ನು ನಂಬಿ ಎತ್ತಿನ ಗಾಡಿ ಗೊತ್ತುಮಾಡುತ್ತಿದ್ದರು, ಗಂಡಂದಿರು ರಜೆ ಹಾಕುತ್ತಿದ್ದರು, ಅತ್ತೆಯಂದಿರು ಬಾಣಂತಿ ಮದ್ದಿಗೆ ಕಾಳುಮೆಣಸು ಬಿಸಿಲಿಗೆ ಹಾಕುತ್ತಿದ್ದರು. ಇಷ್ಟು ಜನರ ನಂಬಿಕೆಗೆ ಪಾತ್ರಳಾದ ನನಗೆ, ನನ್ನದೇ ಐದು ಸಾವಿರ ರೂಪಾಯಿಯನ್ನು ಎಷ್ಟು ವರ್ಷಕ್ಕೆ ಕಟ್ಟಿಡಬೇಕು ಎಂದು ತೀರ್ಮಾನಿಸಲು ಎರಡೂವರೆ ತಿಂಗಳು ಬೇಕಾಯಿತು. ಆ ಎರಡೂವರೆ ತಿಂಗಳಲ್ಲಿ ನನ್ನ ಮಾನ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದನ್ನು ಈಗ ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ.

ಆ ಹಣ ನಾನು ಸಂಪಾದಿಸಿದ್ದಲ್ಲ. ನಮ್ಮದು ಮೂಡುಬಿದಿರೆಯ ಜೈನರ ಮನೆ, ಅಳಿಯಸಂತಾನದವರು. ಆಸ್ತಿ ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಇಳಿದು ಬರುತ್ತದೆ, ಯಜಮಾನಿಕೆ ಮಾತ್ರ ತಾಯಿಯ ಅಣ್ಣತಮ್ಮಂದಿರದು. ನಮ್ಮ ಯಜಮಾನರು ನನ್ನ ತಾಯಿಯ ಅಣ್ಣ, ನೇಮಿರಾಜ ಮಾವ. ನನಗೆ ಅಕ್ಷರ ತಿದ್ದಿಸಿದವರು ಅವರು. ಹತ್ತೊಂಬತ್ತನೆಯ ವಯಸ್ಸಿಗೆ ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ, ಮನೆಯ ಉಳಿದ ಹಿರಿಯರು ನನ್ನನ್ನು ಯಾವ ಮೂಲೆಯಲ್ಲಿ ಕೂರಿಸುವುದೆಂದು ಮಾತಾಡಿಕೊಳ್ಳುತ್ತಿದ್ದರೆ, ಮಾವ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ದಾದಿ ತರಬೇತಿಗೆ ನನ್ನ ಹೆಸರು ಕೊಟ್ಟು ಬಂದಿದ್ದರು. ಇದೇನು ಮಾಡಿದ್ದು ಎಂದು ಕೇಳಿದವರಿಗೆ, "ಮೂಲೆಯಲ್ಲಿ ಎಲ್ಲ ಅಕ್ಕಿಮುಡಿ ಉಂಟು, ಕೂತುಕೊಳ್ಳಲಿಕ್ಕೆ ಜಾಗ ಇಲ್ಲ" ಎಂದಿದ್ದರಂತೆ. ಆ ಒಂದು ಮಾತಿನ ಮೇಲೆ ನನ್ನ ಇಡೀ ಬದುಕು ನಿಂತಿದೆ. ಅದಕ್ಕೆ ಸರಿಯಾಗಿ ಕೃತಜ್ಞತೆ ಹೇಳಲು ನನಗೆ ಯಾವತ್ತೂ ಆಗಲಿಲ್ಲ. ಹೇಳಲು ಹೋದಾಗಲೆಲ್ಲ ಅವರು ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದರು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊತ್ತಿನಲ್ಲಿಯೇ ನಮ್ಮ ಕುಟುಂಬದಲ್ಲೂ ಪಾಲು ಆಯಿತು. ಊರು ಬಿಟ್ಟು ಹೊರಗೆ ದುಡಿಯುವ ಹೆಂಗಸಿಗೆ ಪಾಲು ಯಾಕೆ ಎಂದು ಕೆಲವರು ಕೇಳಿದ್ದುಂಟು. ಮಾವ ಅದಕ್ಕೆ ಉತ್ತರ ಕೊಡದೆ ಎಲ್ಲರಷ್ಟೇ ನನಗೂ ಹಂಚಿದರು. ವೇಣೂರಿನ ದಾರಿಯಲ್ಲಿ ಒಂದು ತುಂಡು ಬೈಲುಗದ್ದೆ, ಪಾಣೆಮಂಗಳೂರಿನ ಹತ್ತಿರ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯ ಹತ್ತು ಶೇರು, ಐದು ಸಾವಿರ ನಗದು. ನಗದನ್ನು ಒಂದು ವಸ್ತ್ರದಲ್ಲಿ ಸುತ್ತಿ, ಅದರ ಮೇಲೆ ಎರಡು ಸೌತೆಕಾಯಿ ಇಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು ನನ್ನ ಕೈಗೆ ಕೊಟ್ಟರು. ಕೊಡುವಾಗ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಗದ್ದೆ ಎಲ್ಲಿಗೂ ಹೋಗುವುದಿಲ್ಲ. ಶೇರು ಒಂದು ವರ್ಷ ಕೊಡ್ತದೆ, ಒಂದು ವರ್ಷ ಕೊಡುವುದಿಲ್ಲ. ಈ ನಗದು ಮಾತ್ರ ನೀನು ಕರೆದಾಗ ಬರಬೇಕು, ಕರೆಯದಿದ್ದಾಗ ಸುಮ್ಮನೆ ಬೆಳೆಯಬೇಕು. ಬಾಂಡಿಗೆ ಹಾಕು. ಎಷ್ಟು ವಾಯಿದೆ ಅಂತ ನೀನೇ ನೋಡು ಪದ್ಮಾ."

ನೀನೇ ನೋಡು ಎಂದರೆ ನೋಡುವುದು ಹೇಗೆ? ಆಗ ಅಂಚೆ ಕಚೇರಿಯಲ್ಲಿ ಐದು ವರ್ಷದ್ದು, ಏಳು ವರ್ಷದ್ದು, ಹನ್ನೆರಡು ವರ್ಷದ್ದು ಎಂದು ಉಳಿತಾಯದ ಸರ್ಟಿಫಿಕೇಟುಗಳು ಸಿಗುತ್ತಿದ್ದವು. ನಮ್ಮ ಕಡೆ ಎಲ್ಲವನ್ನೂ ಒಟ್ಟಾಗಿ ಬಾಂಡು ಎನ್ನುತ್ತಿದ್ದರು. ಬಂಟ್ವಾಳದ ಬ್ಯಾಂಕಿನಲ್ಲಿ ಒಂದು, ಎರಡು, ಮೂರು ವರ್ಷದ ಠೇವಣಿ ಇತ್ತು. ವಾಯಿದೆ ಉದ್ದವಾದಷ್ಟೂ ಬಡ್ಡಿ ಹೆಚ್ಚು, ಆದರೆ ಅಲ್ಲಿಯವರೆಗೆ ಹಣ ನಮ್ಮದಲ್ಲ. ಗಿಡ್ಡವಾದರೆ ಹಣ ನಮ್ಮದೇ, ಆದರೆ ಬಡ್ಡಿ ಕಾಫಿಪುಡಿಗೂ ಸಾಲದು. ನಾನು ದಿನಕ್ಕೊಂದು ನಿರ್ಧಾರ ಮಾಡುತ್ತಿದ್ದೆ. ಬೆಳಿಗ್ಗೆ ಹನ್ನೆರಡು ವರ್ಷದವಳಾಗಿ ಎದ್ದು, ಮಧ್ಯಾಹ್ನ ಊಟದ ಹೊತ್ತಿಗೆ ಐದಕ್ಕೆ ಇಳಿದು, ಸಂಜೆಗೆ ಒಂದು ವರ್ಷಕ್ಕೆ ಬಂದು ನಿಲ್ಲುತ್ತಿದ್ದೆ. ಅಲ್ಲಿಯವರೆಗೆ ಹಣವನ್ನು ಎಲ್ಲಿಡುವುದು? ನನ್ನ ಕೋಣೆಗೆ ಸರಿಯಾದ ಬೀಗವಿರಲಿಲ್ಲ. ಕೇಂದ್ರದಲ್ಲಿ ಹತ್ತಿ, ಬಟ್ಟೆಗಳನ್ನು ಕ್ರಿಮಿ ಸಾಯಲೆಂದು ಹಬೆಯಲ್ಲಿ ಬೇಯಿಸುವ ಎರಡು ತಗಡಿನ ಡ್ರಮ್ಮುಗಳಿದ್ದವು. ಒಂದು ಹಳೆಯದು, ಯಾರೂ ಮುಟ್ಟುತ್ತಿರಲಿಲ್ಲ. ಅದರ ತಳದಲ್ಲಿ ನೋಟುಗಳನ್ನಿಟ್ಟು ಮೇಲೆ ಹತ್ತಿ ತುಂಬಿ ಮುಚ್ಚಳ ಹಾಕಿದೆ. ಯಾವ ಕಳ್ಳನಿಗೂ ಹೊಳೆಯದ ಜಾಗ ಎಂದು ಹೆಮ್ಮೆಪಟ್ಟೆ.

ಕಳ್ಳನಿಗೆ ಹೊಳೆಯಲಿಲ್ಲ, ನಿಜ. ಹೊಳೆದದ್ದು ನಮ್ಮ ಆಯಾ ಬಾಗಿಗೆ. ಬಾಗಿ ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಹೆಚ್ಚು ಹೆರಿಗೆ ನೋಡಿದವಳು, ತುಳುವಿನಲ್ಲಿ ಬೈದರೆ ಬಸುರಿಯರಿಗೆ ನೋವು ಮರೆತುಹೋಗುತ್ತಿತ್ತು. ಹೊಸ ಡ್ರಮ್ಮಿನ ಕೊಂಡಿ ಮುರಿದ ದಿನ ಅವಳು ಹಳೆಯದನ್ನು ಒರೆಸಿ, ಹತ್ತಿ ತುಂಬಿಯೇ ಇದೆಯಲ್ಲ ಎಂದು ಸಂತೋಷಪಟ್ಟು, ಹಾಗೆಯೇ ಒಲೆಯ ಮೇಲಿನ ಹಬೆಗೆ ಏರಿಸಿದಳು. ನಾನು ಮನೆಭೇಟಿ ಮುಗಿಸಿ ಬಂದು ನೋಡುವಾಗ ಮುಕ್ಕಾಲು ಗಂಟೆ ಬೆಂದಾಗಿತ್ತು. ಮುಚ್ಚಳ ತೆಗೆದರೆ ನೂರರ ಐವತ್ತು ನೋಟುಗಳು ಹಬೆಯಾಡುತ್ತ, ಒಂದಕ್ಕೊಂದು ಅಂಟಿಕೊಂಡು, ಆಗಷ್ಟೇ ಹುಟ್ಟಿದ ಮಕ್ಕಳ ಹಾಗೆ ಮೆತ್ತಗೆ ಬಿದ್ದಿದ್ದವು. ಇಡೀ ಜಿಲ್ಲೆಯಲ್ಲಿ ಅಷ್ಟು ಶುದ್ಧವಾದ ಹಣ ಇನ್ನೊಬ್ಬರ ಬಳಿ ಇರಲಾರದು. ಬಾಗಿ ಅವುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಸಿಲಿಗೆ ಹಾಕಿದರೆ ಗಾಳಿಗೆ ಹಾರುತ್ತವೆ, ಒಳಗಿಟ್ಟರೆ ಕೊಳೆಯುತ್ತವೆ. ಕಡೆಗೆ ವಾರ್ಡಿನ ಒಳಗೆ ಮಕ್ಕಳ ಬಟ್ಟೆ ಒಣಗಿಸುವ ಹಗ್ಗದ ಮೇಲೆ, ಎರಡು ಬಟ್ಟೆಗೆ ಒಂದು ನೋಟಿನಂತೆ, ಪಿನ್ನು ಚುಚ್ಚದೆ ಮಡಿಚಿ ಹಾಕಿದೆವು.

ಆ ದಿನ ವಾರ್ಡಿನಲ್ಲಿ ಇದ್ದ ಬಾಣಂತಿ ಒಬ್ಬರೇ. ಪೋಸ್ಟ್‌ಮಾಸ್ಟರ್ ವಾಸುದೇವ ರಾಯರ ಹೆಂಡತಿ. ಮೂರನೆಯ ಹೆಣ್ಣುಮಗು ಹುಟ್ಟಿ ಎರಡು ದಿನವಾಗಿತ್ತು. ಆಕೆ ಮಲಗಿದಲ್ಲಿಂದಲೇ ಹಗ್ಗವನ್ನು ಬಹಳ ಹೊತ್ತು ನೋಡಿ, ನರ್ಸಮ್ಮ, ನಿಮ್ಮಲ್ಲಿ ಪ್ರತಿ ಮಗುವಿಗೂ ಇಷ್ಟು ಕೊಡ್ತಾರಾ ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಸಮಯ ಸಿಗಲಿಲ್ಲ. ಸಂಜೆ ಮಗುವನ್ನು ನೋಡಲು ಬಂದ ರಾಯರ ಅಂಗಿಯ ಜೇಬಿನಲ್ಲಿ ಸರ್ಟಿಫಿಕೇಟಿನ ಅರ್ಜಿ ಫಾರಮು ಇತ್ತು.

ರಾಯರು ಬಹಳ ಒಳ್ಳೆಯ ಮನುಷ್ಯ. ಮಾತಾಡುವಾಗ ಪುಸ್ತಕ ಓದಿದ ಹಾಗೆ ನಿಧಾನವಾಗಿ, ಒಂದೊಂದು ಶಬ್ದಕ್ಕೂ ಸೀಲು ಹೊಡೆದು ಕೊಡುತ್ತಿದ್ದರು. ಹನ್ನೆರಡು ವರ್ಷದ್ದನ್ನೇ ತೆಗೆದುಕೊಳ್ಳಬೇಕೆಂದೂ, ದೇಶ ಕಟ್ಟುವ ಕೆಲಸಕ್ಕೆ ಹನ್ನೆರಡು ವರ್ಷ ದೊಡ್ಡದಲ್ಲವೆಂದೂ, ಮಧ್ಯದಲ್ಲಿ ಹಣದ ಮುಖ ನೋಡದಿದ್ದರೇ ಅದು ಬೆಳೆಯುವುದೆಂದೂ ವಿವರಿಸಿದರು. ಆಮೇಲೆ ಒಂದು ಪೆನ್ಸಿಲು ತೆಗೆದು, ಈಗ ನಿಮಗೆ ಎಷ್ಟು ವಯಸ್ಸು ಎಂದು ಕೇಳಿದರು. ನನಗೆ ಆಗ ನಲವತ್ತೊಂದು. ಯಾಕೋ ಮೂವತ್ತೆಂಟು ಎಂದೆ. ಹಾಗಾದರೆ ಐವತ್ತಕ್ಕೆ ಸರಿಯಾಗಿ ಕೈಗೆ ಬರ್ತದೆ ಎಂದು ಬಹಳ ಸಂತೋಷದಿಂದ ಬರೆದರು. ಐವತ್ತು ಎಂಬ ಅಂಕೆಯನ್ನು ನೋಡಿಯೇ ನನಗೆ ಸುಸ್ತಾಯಿತು. ನಿಜ ಹೇಳಿದ್ದರೆ ಐವತ್ತಮೂರು ನೋಡಬೇಕಾಗಿತ್ತು.

ಮರುವಾರ ಬಂಟ್ವಾಳಕ್ಕೆ ಹೋದೆ. ಬ್ಯಾಂಕಿನ ಮ್ಯಾನೇಜರನ್ನು ಆಗ ಏಜೆಂಟರು ಎನ್ನುತ್ತಿದ್ದರು. ಅವರು ಯುವಕ, ಕುರ್ಚಿಯ ತುದಿಯಲ್ಲಿ ಕೂರುವ ಸ್ವಭಾವದವರು. ಅವರ ಪ್ರಕಾರ ಒಂದು ವರ್ಷಕ್ಕಿಂತ ಆಚೆಗೆ ಯೋಚಿಸುವುದೇ ತಪ್ಪು. ಸರಕಾರ ಬದಲಾಗಬಹುದು, ಬಡ್ಡಿ ಬದಲಾಗಬಹುದು, ಅವರಿಗೇ ವರ್ಗವಾಗಬಹುದು. ಪ್ರತಿವರ್ಷ ಬಂದು ನವೀಕರಿಸಿಕೊಂಡು ಹೋಗಿ, ಬಸ್ಸು ಉಂಟಲ್ಲ ಎಂದರು. ಮಾವನಿಗೆ ಕಾಗದ ಬರೆದು ಕೇಳಿದೆ. ನೀನೇ ನೋಡು ಎಂದಿದ್ದವರು ಕಾರ್ಡಿನ ಕೊನೆಯಲ್ಲಿ, ಐದು ವರ್ಷ ಸಾಕು, ಅದರಾಚೆ ಯಾರು ಕಂಡಿದ್ದಾರೆ ಎಂದು ಒಂದು ಸಾಲು ಸೇರಿಸಿದ್ದರು. ಅವರಿಗೆ ಅರವತ್ತೆಂಟು. ಆಗ ನನಗೆ ಸ್ವಲ್ಪ ಅರ್ಥವಾಯಿತು. ಮೂರು ಹೆಣ್ಣುಮಕ್ಕಳ ತಂದೆ ಹನ್ನೆರಡು ವರ್ಷ ಎನ್ನುತ್ತಾನೆ, ಏಕೆಂದರೆ ಆಗ ಹಿರಿಯವಳ ಮದುವೆ. ಪೆಟ್ಟಿಗೆ ಬಿಚ್ಚದೆ ವರ್ಗಾವಣೆಗೆ ಕಾಯುವವನು ಒಂದು ವರ್ಷ ಎನ್ನುತ್ತಾನೆ. ಅರವತ್ತೆಂಟರವರು ಐದು ಎನ್ನುತ್ತಾರೆ. ಎಲ್ಲರೂ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಬ್ಬರೂ ಹೇಳುತ್ತಿದ್ದದ್ದು ತಂತಮ್ಮ ಮನೆಯ ಕ್ಯಾಲೆಂಡರನ್ನು ನೋಡಿ. ನನ್ನ ಮನೆಯ ಗೋಡೆಯಲ್ಲಿ ಯಾವ ತಾರೀಕಿಗೂ ಗುರುತು ಇರಲಿಲ್ಲ. ಮಕ್ಕಳ ಮದುವೆಯಿಲ್ಲ, ಓದಿಸುವುದಿಲ್ಲ, ಮನೆ ಕಟ್ಟುವ ಆಸೆಯೂ ಅಷ್ಟಿಲ್ಲ. ಯಾವಾಗ ಬೇಕಾಗುತ್ತದೆ ಎಂದು ಗೊತ್ತಿಲ್ಲದವಳು ಎಷ್ಟು ವಾಯಿದೆಗೆ ಇಡಬೇಕು?

ದಾರಿ ತೋರಿಸಿದ್ದು ಒಂದು ಸೋಮವಾರದ ಬೆಳಿಗ್ಗೆ. ಅವತ್ತು ಕೇಂದ್ರಕ್ಕೆ ಒಂದು ಗಂಟೆಯೊಳಗೆ ಮೂವರು ಹೆರಿಗೆ ನೋವಿನವರು ಬಂದರು. ನಮ್ಮಲ್ಲಿ ಹೆರಿಗೆ ಮೇಜು ಇದ್ದದ್ದು ಒಂದು, ಬಿಸಿನೀರಿನ ಹಂಡೆ ಒಂದು, ಕೈ ನಾಲ್ಕು. ಒಬ್ಬಳು ಮೇಜಿನ ಮೇಲೆ, ಒಬ್ಬಳು ನನ್ನ ಮಂಚದ ಮೇಲೆ, ಇನ್ನೊಬ್ಬಳು ಜಗಲಿಯಲ್ಲಿ ಬಾಗಿಯ ಸೊಂಟ ಹಿಡಿದುಕೊಂಡು. ಹನ್ನೊಂದು ಗಂಟೆಗೆ ಮೂರೂ ಮಕ್ಕಳು ಕ್ಷೇಮವಾಗಿ ಅಳುತ್ತಿದ್ದವು, ನಾವಿಬ್ಬರು ಅಳುವ ಶಕ್ತಿಯಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದೆವು. ಬಾಗಿ ಎಲೆಯಡಿಕೆ ಹಾಕಿಕೊಂಡು ತುಳುವಿನಲ್ಲಿ ಹೇಳಿದ್ದು ಇಷ್ಟು: "ಮೂರು ಜನವೂ ಬರಲಿ, ಬೇಡ ಅಂತ ಹೇಳುವುದಿಲ್ಲ. ಇವತ್ತು ಒಬ್ಬಳು, ಬುಧವಾರ ಒಬ್ಬಳು, ಶನಿವಾರ ಒಬ್ಬಳು ಬಂದಿದ್ದರೆ ನಮ್ಮ ಗಂಟು ಎಂತ ಹೋಗ್ತಿತ್ತು?"

ನಾನು ಅವಳ ಮುಖವನ್ನೇ ನೋಡಿದೆ. ಐದು ಸಾವಿರವೂ ಒಂದೇ ದಿನ ಯಾಕೆ ಹೆರಬೇಕು? ಒಂದು ಸಾವಿರ ಒಂದು ವರ್ಷಕ್ಕೆ, ಒಂದು ಎರಡು ವರ್ಷಕ್ಕೆ, ಒಂದು ಐದಕ್ಕೆ, ಒಂದು ಏಳಕ್ಕೆ, ಒಂದು ಹನ್ನೆರಡಕ್ಕೆ. ಯಾವಾಗ ಬೇಕಾದೀತು ಎಂದು ಗೊತ್ತಿಲ್ಲದವಳಿಗೆ ಆಗಾಗ ಒಂದೊಂದು ಕೈಗೆ ಬರುತ್ತಿರುತ್ತದೆ. ಬೇಡವಾದರೆ ಅದನ್ನೇ ಮತ್ತೆ ಉದ್ದ ವಾಯಿದೆಗೆ ಕಳಿಸಬಹುದು. ಬಾಗಿಗೆ ಇದನ್ನು ವಿವರಿಸಿದೆ. ಅವಳು ತಲೆಯಾಡಿಸಿ, ಮುಂದಿನ ಸಲ ಡ್ರಮ್ಮಿಗೆ ಹಾಕುವ ಮೊದಲು ನನಗೆ ಒಂದು ಮಾತು ಹೇಳಿ ಎಂದಳು.

ಪೋಸ್ಟ್‌ಮಾಸ್ಟರ್ ರಾಯರಿಗೆ ಹನ್ನೆರಡು ವರ್ಷದ್ದು ಒಂದೇ ಸಾವಿರ ಎಂದಾಗ ಮುಖ ಸಣ್ಣದಾಯಿತು. ಆದರೂ ಮೂರು ಸರ್ಟಿಫಿಕೇಟುಗಳನ್ನೂ ಮದುವೆ ಕಾಗದದ ಹಾಗೆ ಚೆಂದದ ಅಕ್ಷರದಲ್ಲಿ ಬರೆದು, ಶಾಯಿ ಒಣಗುವ ತನಕ ಊದಿ ಕೊಟ್ಟರು. ಮನಸ್ಸು ತಡೆಯದೆ ನನ್ನ ವಯಸ್ಸು ನಲವತ್ತೊಂದು ಎಂದೂ ಹೇಳಿಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿ, ನನ್ನ ಮನೆಯವಳು ಆಗಲೇ ಹೇಳಿದ್ದಾಳೆ ಎಂದರು.

ಆಮೇಲೆ ಸುಮಾರು ಹತ್ತು ತಿಂಗಳು ನನ್ನ ಅಹಂಕಾರಕ್ಕೆ ಮಿತಿಯಿರಲಿಲ್ಲ. ಐದೂ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಹೋದಲ್ಲೆಲ್ಲ ಕೈಚೀಲದಲ್ಲಿ ಒಯ್ಯುತ್ತಿದ್ದೆ. ಕೇಳಿದವರಿಗೂ ಕೇಳದವರಿಗೂ ವಾಯಿದೆ ಹಂಚುವ ಕ್ರಮವನ್ನು ಬೋಧಿಸುತ್ತಿದ್ದೆ. ಹೀಗಿರುವಾಗ ಒಂದು ಭಾನುವಾರ ಮೂಡುಬಿದಿರೆಗೆ ಹೋದೆ. ಮಾವ ನನ್ನ ತಂಗಿಯ ಸಂಸಾರದ ಜೊತೆ ಬಸದಿಯ ಬೀದಿಯಲ್ಲಿದ್ದರು. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲು ಊಟವಾಗಬೇಕು. ಸಂಜೆ ಎಲೆ ಹಾಕಿ ಕೂತಾಗ ಮಾವ ಮಜ್ಜಿಗೆಯನ್ನು ಲೋಟಕ್ಕೆ ಹೊಯ್ದುಕೊಂಡರು. ಅದು ಲೋಟದ ಪಕ್ಕದಲ್ಲಿ ನೆಲಕ್ಕೆ ಬಿತ್ತು. ಅವರು ಗಮನಿಸಲಿಲ್ಲ. ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡಿ ಕೆಳಗಿಟ್ಟರು. ಎಲೆ ಎತ್ತಿದ ಮೇಲೆ, ಯಾವಾಗಿನಿಂದ ಹೀಗೆ ಎಂದು ತಂಗಿಯನ್ನು ಕೇಳಿದರೆ, ಬೆಳಿಗ್ಗೆ ಗ್ರಂಥ ಹಿಡಿದು ಕೂತಿರುತ್ತಾರೆ, ಪುಟ ಮಾತ್ರ ತಿರುಗುವುದಿಲ್ಲ ಎಂದಳು. ಹೇಳಬಾರದೆಂದು ಆಣೆ ಹಾಕಿಸಿದ್ದರಂತೆ.

ಮಾರನೆಯ ವಾರ ಜಗಳವಾಡಿ ಮಂಗಳೂರಿನ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಈಗಲೇ ತೆಗೆಯುವ ಹಾಗಿಲ್ಲ, ಬಲಿಯಬೇಕು ಎಂದರು ಡಾಕ್ಟರು. ಆಗಿನ ಕಾಲದ ಪದ್ಧತಿ ಅದು. ಪೊರೆ ಹಲಸಿನ ಹಾಗೆ ಚೆನ್ನಾಗಿ ಬಲಿತ ಮೇಲೆಯೇ ಕೊಯ್ಯುವುದು. ಎಷ್ಟು ದಿನ ಬೇಕು ಎಂದು ಕೇಳಿದೆ. ಅಂದಾಜು ಒಂದು ವರ್ಷ, ಒಂದೂಕಾಲು ವರ್ಷ ಎಂದರು. ನಾನು ಅಲ್ಲೇ ಬೆರಳು ಮಡಿಸಿದೆ. ನನ್ನ ಎರಡು ವರ್ಷದ ಠೇವಣಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಮಾವನ ಕಣ್ಣೂ ನನ್ನ ಸಾವಿರವೂ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಬಲಿಯುತ್ತವೆ. ಕೊನೆಗೂ ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಒಂದು ತಾರೀಕು ಸಿಕ್ಕಿತು. ಬಸ್ಸಿನಲ್ಲಿ ಮಾವನ ಪಕ್ಕ ಕೂತು ನಾನು ಒಳಗೊಳಗೇ ಬೀಗಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂದು ವರ್ಷದ ಠೇವಣಿ ತುಂಬಿದ ದಿನ ಬಂಟ್ವಾಳಕ್ಕೆ ಹೋಗಿ, ಕಣ್ಣಿನ ವ್ಯವಸ್ಥೆ ಹೇಗೂ ಆಗಿದೆಯಲ್ಲ ಎಂದು ಅದನ್ನು ಮೂರು ವರ್ಷಕ್ಕೆ ಹಾಕಿಬಂದೆ. ಅದಾಗಿ ನಾಲ್ಕು ವಾರಕ್ಕೆ ಮಾವನನ್ನು ಮತ್ತೆ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಟಾರ್ಚು ಹಾಕಿ ನೋಡಿ, ಬಲಗಣ್ಣು ಪೂರ್ತಿ ಬಲಿತಿದೆ, ಬೇಗ ಬಂತು, ಇನ್ನು ತಡಮಾಡಿದರೆ ಕಣ್ಣಿಗೇ ಅಪಾಯ, ಹದಿನೈದು ದಿನದೊಳಗೆ ಸೇರಿಸಿ ಎಂದರು. ದಿನ ತುಂಬುವ ಮೊದಲೇ ಬಂದ ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದ ನನಗೆ, ಪೊರೆಯೂ ಹಾಗೆ ಬರಬಹುದೆಂದು ಹೊಳೆದಿರಲಿಲ್ಲ. ಐದು ಸಾವಿರದ ಒಡತಿ ನಾನು, ಐದು ಕಡೆ ಬೀಗ ಹಾಕಿ ಕೂತಿದ್ದೆ.

ಆದರೆ ಮೊದಲ ಕಷ್ಟ ಹಣದ್ದಲ್ಲ, ಮಾವನದ್ದು. ತಮ್ಮ ಪಾಲಿಗೆ ಬಂದ ನಗದನ್ನು ಅವರು ಬಸದಿಯ ಮಾಡಿನ ಹೆಂಚು ಬದಲಾಯಿಸಲು ಕೊಟ್ಟು ಮುಗಿಸಿದ್ದರು. ಮನೆಗೆ ಬಂದವರೇ ಜಗಲಿಯ ಕಂಬಕ್ಕೆ ಒರಗಿ ಕೂತು, ಎಡಗಣ್ಣಲ್ಲಿ ಸ್ವಲ್ಪ ಬೆಳಕು ಉಂಟು, ಬಸದಿಗೆ ಹೋಗಿ ಬರಲಿಕ್ಕೆ ಅಷ್ಟು ಸಾಕು ಎಂದರು. ನಾನು ಕೊಡುತ್ತೇನೆ ಎಂದೆ. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಕ್ರಮ ತಮ್ಮಲ್ಲಿ ಇಲ್ಲವೆಂದರು. ನಾನು ಅತ್ತೆ. ಅದಕ್ಕೂ ಬಗ್ಗಲಿಲ್ಲ.

"ವಾಯಿದೆಯ ಹಣ ಮುರಿಸುವುದು ಬೇಡ ಪದ್ಮಾ" ಎಂದರು. "ಅದು ನಿನ್ನ ಮುದಿಪ್ರಾಯಕ್ಕೆ. ನನ್ನದು ಮುಗಿದ ಲೆಕ್ಕ."

"ಮುರಿಸುವುದು ಎಂತದು? ಒಂದು ವರ್ಷದ್ದು ಹೋದ ತಿಂಗಳು ತುಂಬಿತಲ್ಲ. ಕೈಯಲ್ಲಿ ಉಂಟು."

ನಾನು ಮಾತು ಮುಗಿಯಿತೆಂದುಕೊಂಡೆ. ಆಗ ಅವರು ಕೈ ಚಾಚಿ, "ರಸೀತಿ ತಾ" ಎಂದರು.

ರಸೀತಿ ನನ್ನ ಕೈಚೀಲದಲ್ಲಿಯೇ ಇತ್ತು. ಮೂರು ವರ್ಷಕ್ಕೆ ನವೀಕರಿಸಿದ ಹೊಸ ರಸೀತಿ. ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಅಕ್ಷರದ ಮೇಲೆ ಬೆರಳಾಡಿಸಿದರು. ಮೂವತ್ತೇಳು ವರ್ಷದ ಹಿಂದೆ ಮರಳಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ಬರೆಯಿಸಿದ ಅದೇ ಬೆರಳು. ಆಮೇಲೆ ಕಾಗದವನ್ನು ನನ್ನ ಕಡೆಗೆ ಚಾಚಿ, ನೀನು ಓದು ಎಂದರು. ನಾನು ಓದಿದೆ. ಹೆಸರನ್ನು ಸರಿಯಾಗಿ ಓದಿದೆ, ಮೊತ್ತವನ್ನು ಸರಿಯಾಗಿ ಓದಿದೆ. ವಾಯಿದೆ ತುಂಬುವ ತಾರೀಕು ಬಂದಾಗ ಹೋದ ತಿಂಗಳ ತಾರೀಕನ್ನು ಓದಿದೆ. ಅವರು ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ, ಸ್ವರ ನಡುಗದ ಹಾಗೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಸರಿ, ಹಾಗಾದರೆ ಹೋಗುವ ಎಂದರು. ನಾನು ಒಳಗೆ ಹೋಗಿ ನೀರು ಕುಡಿದೆ.

ಸುಳ್ಳು ಓದಿಯಾಯಿತು, ಈಗ ಹಣ ಹುಟ್ಟಿಸಬೇಕು. ಒಂದು ವಾರ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ರಾಯರನ್ನು ಕೇಳಿದೆ. ಅಂಚೆಯ ಸರ್ಟಿಫಿಕೇಟು ಇಷ್ಟು ಬೇಗ ಮುರಿಯಲು ಬರುವುದಿಲ್ಲವೆಂದು ಬಹಳ ನೊಂದು ಹೇಳಿದರು, ತಾನೇ ಒತ್ತಾಯ ಮಾಡಿದ್ದಕ್ಕೆ ಹೀಗಾಯಿತೇನೋ ಎಂದು ಎರಡು ಸಲ ಕೇಳಿದರು. ಸಂಜೆ ಅವರ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು, ತಮ್ಮ ಎರಡು ಬಳೆಗಳನ್ನು ಬಿಚ್ಚಿ, ಆಪತ್ತಿಗೆ ಇರಲಿ ಎಂದು ನನ್ನ ಮೇಜಿನ ಮೇಲಿಟ್ಟರು. ನಾನು ಮತ್ತೆ ಅವರ ಕೈಗೇ ತೊಡಿಸಿ ಕಳಿಸಿದೆ. ಆದರೆ ಆ ಬಳೆಗಳ ಸದ್ದು ಇಂದಿಗೂ ಕಿವಿಯಲ್ಲಿದೆ. ಬಾಗಿಯ ಬಳಿ ಬಳೆಯಿರಲಿಲ್ಲ. ಅವಳು ನನಗೆ ಹದಿನೈದು ದಿನ ರಜೆ ಕೊಟ್ಟಳು. ಮೇಲಿನವರು ಕೊಟ್ಟ ರಜೆ ಬೇರೆ. ಬಾಗಿ ಕೊಟ್ಟದ್ದೇ ನಿಜವಾದ ರಜೆ, ಏಕೆಂದರೆ ಬದಲಿ ದಾದಿ ಬಂದು ಒಗ್ಗಿಕೊಳ್ಳುವ ತನಕ ಕೇಂದ್ರ ನಿಂತದ್ದು ಅವಳ ಕೈಯಲ್ಲಿ.

ಠೇವಣಿ ಮುರಿಸಿ ಬಡ್ಡಿಯೆಲ್ಲ ಕಳೆದುಕೊಂಡರೂ ಸರಿ ಎಂದು ಬಂಟ್ವಾಳಕ್ಕೆ ಹೋದೆ. ಹಳೆಯ ಏಜೆಂಟರಿಗೆ ಅವರೇ ಹೇಳಿದಂತೆ ವರ್ಗವಾಗಿತ್ತು. ಹೊಸಬರು ಮಧ್ಯವಯಸ್ಸಿನವರು, ಗಂಭೀರ. ನಾನು ರಸೀತಿಯನ್ನು ಮುಂದಿಟ್ಟು, ಮಾವನ ಕಣ್ಣಿನಿಂದ ಆರಂಭಿಸಿ ಎಲ್ಲವನ್ನೂ ಹೇಳಿದೆ, ದಯಮಾಡಿ ಮುರಿಸಿಕೊಡಿ ಎಂದೆ. ಅವರು ನನ್ನ ಮಾತು ಮುಗಿಯುವ ತನಕ ಕಾದರು. ಆಮೇಲೆ ರಸೀತಿಯನ್ನು ಮಗುಚಿ, ಹಿಂಬದಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು.

"ಮುರಿಸುವುದು ಯಾಕಮ್ಮ? ಮೂರನೆಯ ನಿಯಮ ನೋಡಿ. ಇದರ ಮೇಲೆ ಸಾಲ ಉಂಟು. ಅರ್ಧ ಗಂಟೆ ಕೂತುಕೊಳ್ಳಿ, ಕೊಡ್ತೇವೆ."

ಒಂದು ವಾರ ಅನ್ನ ಬಿಟ್ಟು ಚಿಂತಿಸಿದ ಸಂಗತಿಗೆ ಉತ್ತರ ನನ್ನ ಕೈಚೀಲದಲ್ಲಿಯೇ, ಕಾಗದದ ಇನ್ನೊಂದು ಮಗ್ಗುಲಲ್ಲಿ ಅಚ್ಚಾಗಿತ್ತು. ಒಂದು ವರ್ಷದಿಂದ ನಾನು ಇಂಥ ಕಾಗದಗಳನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ, ಒಂದನ್ನೂ ಮಗುಚಿ ನೋಡಿರಲಿಲ್ಲ. ಏಜೆಂಟರು ಹಣ ಎಣಿಸಿ ಕೊಟ್ಟಮೇಲೆ ಸ್ವಲ್ಪ ಸಂಕೋಚದಿಂದ, ತಮ್ಮ ಮನೆಯಲ್ಲಿ ಏಳು ತಿಂಗಳು, ಮೊದಲನೆಯದು, ಹೆದರಿಕೊಂಡಿದ್ದಾಳೆ ಎಂದರು. ಹೋಗಿ ನೋಡಿದೆ. ದೀಪಾವಳಿಯ ಆಚೆ ಎಂದು ಹೇಳಿದೆ. ಹಾಗೆಯೇ ಆಯಿತು.

ಮಾವನ ಬಲಗಣ್ಣಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಆಮೇಲೆ ಎಂಟು ದಿನ ಎರಡೂ ಕಣ್ಣಿಗೆ ಕಟ್ಟು, ತಲೆಯ ಎರಡು ಬದಿಗೆ ಮರಳಿನ ಚೀಲ. ಅಲುಗಾಡಬಾರದು, ಕೆಮ್ಮಬಾರದು, ನಗಬಾರದು. ನಗುವ ವಿಷಯದಲ್ಲಿ ಮಾತ್ರ ಅವರಿಗೆ ಕಷ್ಟವಾಯಿತು, ಏಕೆಂದರೆ ಪಕ್ಕದ ಮಂಚದಲ್ಲಿ ಕನ್ಯಾನದ ಒಬ್ಬರು ಬ್ಯಾರಿ ವ್ಯಾಪಾರಿಗಳಿದ್ದರು. ಅವರಿಗೂ ಕಣ್ಣು ಕಟ್ಟಿತ್ತು. ಅವರು ದಿನವಿಡೀ ಕಾಣದ ನೊಣಗಳನ್ನು ಬೈಯುತ್ತಿದ್ದರು. ಸಂಜೆಯ ಊಟ ತಂದಾಗ ಮಾವ ತಟ್ಟೆ ಮುಟ್ಟುವ ಮೊದಲು, ಸೂರ್ಯ ಮುಳುಗಿತಾ ಎಂದು ಕೇಳುತ್ತಿದ್ದರು. ನಾನು ಕಿಟಕಿಗೆ ಹೋಗಿ ನೋಡಿ ಬಂದು, ಇಲ್ಲ ಮಾವ, ಇನ್ನೂ ಉಂಟು ಎನ್ನುತ್ತಿದ್ದೆ. ಎರಡನೆಯ ಮಾತಿಲ್ಲದೆ ಉಣ್ಣುತ್ತಿದ್ದರು. ಒಂದು ದಿನ ಬುತ್ತಿ ತಡವಾಗಿ ಬಂತು. ಸೂರ್ಯ ಆಗಷ್ಟೇ ಮುಳುಗಿತ್ತು, ಆಕಾಶ ಇನ್ನೂ ಕೆಂಪಗಿತ್ತು. ಹಸಿದಿದ್ದರು. ಮುಳುಗಿತು ಮಾವ ಎಂದೆ. ಸರಿ ಎಂದು ಮಗ್ಗುಲಾಗದೆ ಹಾಗೆಯೇ ಮಲಗಿದರು. ರಸೀತಿಯ ತಾರೀಕನ್ನು ತ್ರಾಸಿಲ್ಲದೆ ತಪ್ಪು ಓದಿದ ನನಗೆ ಸೂರ್ಯನನ್ನು ಐದು ನಿಮಿಷ ಹೆಚ್ಚು ಓದಲು ಬಾಯಿ ಬರಲಿಲ್ಲ.

ಒಂದೂವರೆ ತಿಂಗಳಿಗೆ ಸೋಡಾ ಸೀಸೆಯ ಬುಡದಷ್ಟು ದಪ್ಪದ ಕನ್ನಡಕ ಬಂತು. ಅದರ ಹಿಂದೆ ಮಾವನ ಕಣ್ಣು ದೊಡ್ಡದಾಗಿ, ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು. ಓದಲು ಗ್ರಂಥಗಳು ಸಾಲದೆ ಬೆಂಕಿಪೊಟ್ಟಣದ ಮೇಲಿನದ್ದು, ಬಸ್ಸಿನ ಟಿಕೇಟು, ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ತಂಗಿ ತಲೆಕೆಟ್ಟುಹೋಗುತ್ತದೆ ಎಂದು ದೂರಿಕೊಂಡು ಕಾಗದ ಬರೆದಳು. ಆ ಕಾಗದವನ್ನೂ ಅಂಚೆಗೆ ಹಾಕುವ ಮೊದಲು ಅವರು ಓದಿ, ಒಂದು ಕಾಗುಣಿತ ತಿದ್ದಿದ್ದರು.

ಎರಡು ವರ್ಷದ ಠೇವಣಿ ತುಂಬಿದ ದಿನ ಬಂಟ್ವಾಳದಲ್ಲಿ ಸಾಲ ತೀರಿಸಿ, ಒತ್ತೆಯಿಟ್ಟ ರಸೀತಿಯನ್ನು ಬಿಡಿಸಿಕೊಂಡೆ. ಏಜೆಂಟರು ಮಗಳ ಫೋಟೋ ತೋರಿಸಿದರು. ಅಲ್ಲಿಂದ ಬಸ್ಸು ಬದಲಾಯಿಸಿ ಮೂಡುಬಿದಿರೆಗೆ ಮುಟ್ಟುವಾಗ ಮಧ್ಯಾಹ್ನ. ಮಾವನಿಗೆಂದು ತಂದ ಕಿತ್ತಳೆಯನ್ನು ಚೀಲದಿಂದ ತೆಗೆಯುವಾಗ ರಸೀತಿ ಜಾರಿ ನೆಲಕ್ಕೆ ಬಿತ್ತು. ನಾನು ಬಗ್ಗುವ ಮೊದಲೇ ಅವರು ಎತ್ತಿಕೊಂಡರು. ಸಿಕ್ಕಿದ್ದನ್ನೆಲ್ಲ ಓದುವವರು, ಇದನ್ನು ಬಿಡುತ್ತಾರೆಯೇ? ಹೆಸರು ಓದಿದರು. ಮೊತ್ತ ಓದಿದರು. ತಾರೀಕಿಗೆ ಬಂದು ನಿಂತರು. ಪಕ್ಕದಲ್ಲಿ ಸಾಲ ಕೊಟ್ಟ ಸೀಲು, ಅದರ ಮೇಲೆ ತೀರಿದ ಸೀಲು. ದಪ್ಪ ಗಾಜಿನ ಹಿಂದಿನ ಆ ದೊಡ್ಡ ಕಣ್ಣು ನನ್ನ ಮೇಲೆ ಬಂತು.

"ನಿನಗೆ ಓದಲಿಕ್ಕೆ ಕಲಿಸಿದ್ದು ನಾನು" ಎಂದರು. "ಇಷ್ಟು ಕೆಟ್ಟದಾಗಿ ಕಲಿಸಿದ್ದೇನೆ ಅಂತ ಗೊತ್ತಿರಲಿಲ್ಲ."

ನಾನು ಕಿತ್ತಳೆ ಸುಲಿಯುತ್ತ ಕೂತೆ. ಇಷ್ಟು ವರ್ಷದಿಂದ ಹೇಳಬೇಕೆಂದಿದ್ದ ಮಾತೆಲ್ಲ ಆಗ ಬಾಯಿಗೆ ಬಂತು. ಅಕ್ಕಿಮುಡಿಯ ಮೂಲೆಯಿಂದ ಎಬ್ಬಿಸಿ ಕಳಿಸಿದ್ದಕ್ಕೆ, ಪಾಲಿಗೆ, ಎಲ್ಲಕ್ಕೂ. ಹೇಳಲು ಬಾಯಿ ತೆರೆದೆ. ಬಸ್ಸಿನ ಹೊತ್ತಾಯಿತು ಎನ್ನಲು ಆಗ ಯಾವ ಬಸ್ಸೂ ಇರಲಿಲ್ಲ. ಅವರಿಗೆ ಅದು ಗೊತ್ತಾಗಿರಬೇಕು. ಕಾಗದವನ್ನು ಮಗುಚಿ, ಇದರ ಹಿಂದೆ ಬರೆದದ್ದನ್ನು ನೀನು ಓದಿದ್ದೀಯಾ ಎಂದು ಕೇಳಿದರು. ಮೂರನೆಯದು ಮಾತ್ರ ಎಂದೆ. ಹಾಗಾದರೆ ಕೇಳು ಎಂದು ಕಂಬಕ್ಕೆ ಒರಗಿ, ಮೊದಲನೆಯ ನಿಯಮದಿಂದ ಆರಂಭಿಸಿ, ಇಂಗ್ಲಿಷನ್ನು ಒಂದಕ್ಷರ ಬಿಡದೆ ಓದಿ, ಪ್ರತಿ ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳತೊಡಗಿದರು. ಎಷ್ಟೋ ಕಾಲದ ಮೇಲೆ ಅವರು ಓದುವುದನ್ನು ಹಾಗೆ ಎದುರಿಗೆ ಕೂತು ಕೇಳುತ್ತಿದ್ದೆ. ಸ್ವರ ಹಿಂದಿನಂತೆಯೇ ಇತ್ತು, ಎಲ್ಲೂ ತಡವರಿಸಲಿಲ್ಲ. ನನಗೆ ಕಣ್ಣು ತುಂಬಿ ಬಂದು, ಮುಚ್ಚಿಕೊಂಡೆ. ಬೆಳಗಿನಿಂದ ಎರಡು ಬಸ್ಸು ಹಿಡಿದ ಆಯಾಸ, ಜಗಲಿಯ ತಂಪು ಗಾಳಿ ಬೇರೆ. ಆರನೆಯ ನಿಯಮಕ್ಕೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದೆನಂತೆ, ತಂಗಿ ಆಮೇಲೆ ಹೇಳಿದಳು. ಏಳನೆಯದರಿಂದ ಮುಂದೆ ಏನಿದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.